ಹೆಣ್ಣಿನ ಕಡೆಯವರು ಬಂದಿದ್ದಾರೆ

ತಿಮ್ಮಮ್ಮನವರನ್ನು ಮೊದಲ ಸಲ ಕಂಡ ದಿನ ನಾನು ಅವರನ್ನು ಹಿಡಿದು ಕಾನೂನಿನ ಕೈಗೆ ಒಪ್ಪಿಸಲು ಹೊರಟಿದ್ದೆ.

ಬಿಳಿಕೆರೆ ಬಸ್ ನಿಲ್ದಾಣ. ಮೈಸೂರಿನ ಕಡೆಯಿಂದ ಬಂದವರು, ಹುಣಸೂರಿನ ಕಡೆಯಿಂದ ಬಂದವರು ಎಲ್ಲ ಇಳಿದು ಕೆ.ಆರ್. ನಗರದ ಬಸ್ಸಿಗೆ ಕಾಯುವ ಜಾಗ. ನಾನೂ ಕಾಯುತ್ತಿದ್ದೆ. ಕೆ.ಆರ್. ನಗರದಲ್ಲಿ ಸಂಜೆ ಒಂದು ಸಭೆಯಲ್ಲಿ ನನ್ನ ಭಾಷಣವಿತ್ತು. ಭಾಷಣ ಇರುವ ದಿನ ಮನುಷ್ಯನಿಗೆ ಸಮಾಜದ ಮೇಲಿನ ಕಾಳಜಿ ಬೆಳಗಿನಿಂದಲೇ ಉಕ್ಕಲು ಶುರುವಾಗುತ್ತದೆ.

ಎದುರಿನ ಕಟ್ಟೆಯ ಮೇಲೆ ಒಂದು ಗುಂಪು ಕೂತಿತ್ತು. ಐವತ್ತೈದು ದಾಟಿದ ಗಟ್ಟಿ ಹೆಂಗಸು, ಬಾಯಲ್ಲಿ ಎಲೆಅಡಿಕೆ, ಮಡಿಲಲ್ಲಿ ಹಸಿರು ವೈರ್ ಬ್ಯಾಗು. ಪಕ್ಕದಲ್ಲಿ ಹೊಸ ಚೂಡಿದಾರ್ ತೊಟ್ಟು ಕನಕಾಂಬರ ಮುಡಿದ ಹುಡುಗಿ. ಅವಳ ಆಚೆ ಇನ್ನೊಬ್ಬ ದಪ್ಪನೆಯ ಹೆಂಗಸು, ಖಾಕಿ ಅಂಗಿಯ ಒಬ್ಬ ಆಟೋದವನು. ಬ್ಯಾಗಿನಿಂದ ಬಾಳೆಹಣ್ಣು, ವೀಳ್ಯದೆಲೆ ಕಟ್ಟು ಇಣುಕುತ್ತಿದ್ದವು.

"ಎಲ್ಲಿಗೆ ಪ್ರಯಾಣ?" ಎಂದೆ.

"ಮನೆ ನೋಡಕೆ ಹೊಂಟಿದ್ದೀವಿ ಸಾರ್" ಎಂದರು ಎಲೆಅಡಿಕೆಯ ಹೆಂಗಸು.

ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ. ಗಂಡಿನವರು ಹೆಣ್ಣು ನೋಡಿ ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುತ್ತಾರೆ. ಹಟ್ಟಿ, ಕೊಟ್ಟಿಗೆ, ಬೋರ್‌ವೆಲ್ಲು, ಗದ್ದೆ ಎಲ್ಲ ನೋಡುತ್ತಾರೆ. ಅಲ್ಲಿ ಕೊಟ್ಟ ತಿಂಡಿಯನ್ನು ತಿಂದರೆ ಸಂಬಂಧ ಒಪ್ಪಿಗೆ. ತಟ್ಟೆ ಮುಟ್ಟದೆ ಎದ್ದರೆ ಬೇಡ ಎಂದ ಹಾಗೆ.

"ಹುಡುಗಿಗೆ ವಯಸ್ಸೆಷ್ಟು?"

"ಹದಿನೈದು ನಡೀತಾ ಅದೆ" ಎಂದರು, ಏನೂ ಅಳುಕಿಲ್ಲದೆ.

ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಹೋಗಿ ನಿಂತು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದೆ. ಬಾಲ್ಯವಿವಾಹ, ಹಾಡಹಗಲು, ಹೆದ್ದಾರಿಯ ಪಕ್ಕದಲ್ಲೇ ಎಂದೆಲ್ಲ ವರದಿ ಒಪ್ಪಿಸಿದೆ. ಆ ಕಡೆಯಿದ್ದ ಕಿರಣ್‌ಕುಮಾರ್ ಎಂಬ ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ, "ಹಸಿರು ವೈರ್ ಬ್ಯಾಗಾ ಸಾರ್? ಒಂದ್ನಿಮಿಷ ಇರಿ" ಎಂದ.

ಆ ಒಂದು ನಿಮಿಷದಲ್ಲಿ ಕಟ್ಟೆಯ ಮೇಲಿನ ಫೋನು ಹೊಡೆದುಕೊಂಡಿತು. "ಹೂಂ ಕಣಪ್ಪ ಕಿರಣ, ನಾನೇ. ಬಿಳಿಕೆರೇಲೇ ಇವ್ನಿ. ಹೌದಾ? ಯಾರು?" ಎನ್ನುತ್ತ ಆ ಹೆಂಗಸು ನಿಲ್ದಾಣವನ್ನೆಲ್ಲ ಒಂದು ಸುತ್ತು ನೋಡಿದರು. ಗಾಡಿಯ ಹಿಂದೆ ಕಿವಿಗೆ ಫೋನು ಒತ್ತಿಕೊಂಡು ಬಗ್ಗಿ ನಿಂತವನು ನಾನೊಬ್ಬನೇ.

ಎದ್ದು ಬಂದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

"ಒಳ್ಳೇ ಕೆಲ್ಸ ಮಾಡಿದ್ರಿ ಸಾರ್. ದಿನಾ ಇಲ್ಲಿ ಎಷ್ಟೋ ಜನ ಇಂಗೇ ಹೆಣ್ಮಕ್ಳನ್ನ ಕರ್ಕೊಂಡು ಹೋಯ್ತಾರೆ, ಯಾರೂ ಕೇಳಾಕಿಲ್ಲ. ಆದ್ರೆ ನಾನು ನೋಡಕೆ ಹೊಂಟಿರೋದು ಗಂಡಿನ ಮನೆಯಲ್ಲ, ಅಪ್ಪ ಅವ್ವನ ಮನೆ. ಈ ಮಗೂಗೆ." ಎಲೆಅಡಿಕೆಯನ್ನು ಆಚೆ ಉಗಿದು ಬಂದು ಕೇಳಿದರು, "ಸಂಜೆಗಂಟ ಏನಾರ ಕೆಲ್ಸ ಅದಾ?"

"ಭಾಷಣ ಇದೆ."

"ಅದು ಸಂಜೆಗೆ ತಾನೆ? ಅಲ್ಲೀಗಂಟ ಬನ್ನಿ. ನಮ್ ಕಡೆ ಕನ್ನಡಕ ಹಾಕಿರೋ ಗಂಡಸು ಒಬ್ರು ಕಮ್ಮಿ ಅವ್ರೆ. ಸೋದರಮಾವ ಅಂತೀವಿ. ಮಾತಾಡ್ಬೇಡಿ, ಸುಮ್ನೆ ಕುಂತಿರಿ."

ಸುಮ್ಮನೆ ಕೂರಲು ನನಗೆ ಸಿಕ್ಕ ಮೊದಲ ಆಹ್ವಾನ ಅದು. ಹೋದೆ.

ತಿಮ್ಮಮ್ಮನವರ ಊರು ಹನಗೋಡು. ಗಂಡ ತೀರಿಕೊಂಡ ಮೇಲೆ ಕೆಲವು ವರ್ಷ ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್‌ಗಳಲ್ಲಿ ಎಲೆ ಬಿಡಿಸಿ, ಬಣ್ಣ ನೋಡಿ ವಿಂಗಡಿಸುವ ಕೂಲಿ ಮಾಡಿದವರು. ಆಮೇಲೆ ಹುಣಸೂರಿನ ಒಂದು ಮಕ್ಕಳ ಮನೆಗೆ ಅಡುಗೆಗೆ ಸೇರಿದರು. ಅಪ್ಪ ಅವ್ವ ಇಲ್ಲದ, ಇದ್ದೂ ಇಲ್ಲದ ಮಕ್ಕಳು ಇರುವ ಜಾಗ. ಅಡುಗೆಯಿಂದ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಡ್ತಿಯಾಯಿತು. ಅಲ್ಲಿಂದ ಮುಂದಕ್ಕೆ ಅವರಿಗೆ ಬಡ್ತಿ ಕೊಟ್ಟವರು ಯಾರೂ ಇಲ್ಲ, ತಾವೇ ತೆಗೆದುಕೊಂಡರು. ದೊಡ್ಡ ಮಕ್ಕಳಿಗೆ ಮನೆ ಹುಡುಕಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಸುತ್ತುವುದು ತಮ್ಮ ಕೆಲಸ ಎಂದು ಅವರೇ ತೀರ್ಮಾನಿಸಿದ್ದರು.

"ಕೂಸುಗಳಿಗೆ ನಾನು ಬೇಕಾಗಿಲ್ಲ ಸಾರ್" ಎಂದರು ಬಸ್ಸಿನಲ್ಲಿ. "ಅವ್ಕೆ ಜನ ಕ್ಯೂ ನಿಂತವ್ರೆ. ತೊಟ್ಟಿಲು ಕೊಂಡು ವರ್ಸಗಟ್ಲೆ ಕಾಯ್ತಾ ಅವ್ರೆ. ಮೀಸೆ ಚಿಗುರ್ತಾ ಇರೋ ಹುಡುಗನ್ನ, ಎದುರು ಮಾತಾಡೋ ಹುಡ್ಗೀನ ಕೇಳೋರು ಯಾರು?"

ಎದುರು ಮಾತಾಡುವ ಹುಡುಗಿ ಮುಂದಿನ ಸೀಟಿನಲ್ಲೇ ಇದ್ದಳು. ಹೆಸರು ರೂಪಶ್ರೀ. ಒಂಬತ್ತರ ವಯಸ್ಸಿನಲ್ಲಿ ಮಕ್ಕಳ ಮನೆಗೆ ಬಂದವಳು. ಹುಡುಕಿಕೊಂಡು ಬಂದ ನೆಂಟರು ಇಲ್ಲ. ಇವಳನ್ನು ದತ್ತು ಕೊಡಬಹುದು ಎಂದು ಮಕ್ಕಳ ಕಲ್ಯಾಣ ಸಮಿತಿಯವರು ಎಂದೋ ಬರೆದುಕೊಟ್ಟಿದ್ದರು. ಆದರೆ ಕೊಡಬಹುದು ಎಂದ ಮೇಲೆ ತೆಗೆದುಕೊಳ್ಳುವವರೂ ಬೇಕಲ್ಲ. ಗಣಿತದಲ್ಲಿ ಹಿಂದೆ, ಕಬಡ್ಡಿಯಲ್ಲಿ ಮುಂದೆ, ಕೋಪ ಬಂದರೆ ಎರಡರಲ್ಲೂ ಇಲ್ಲ. ಹದಿನೆಂಟು ತುಂಬಿದ ದಿನ ಮಕ್ಕಳ ಮನೆಯ ಲೆಕ್ಕದಲ್ಲಿ ಅವಳು ಮಗುವಲ್ಲ. ಆಮೇಲೆ ಯಾವುದೋ ಹಾಸ್ಟೆಲ್ಲು, ಯಾವುದೋ ಗಾರ್ಮೆಂಟ್ಸು. ಹಬ್ಬಕ್ಕೆ ರಜಾ ಸಿಕ್ಕರೆ ಹೋಗುವುದೆಲ್ಲಿಗೆ ಎಂಬುದಕ್ಕೆ ಉತ್ತರವಿಲ್ಲ. ಅಷ್ಟರೊಳಗೆ ಅವಳಿಗೆ ಒಂದು ಮನೆ ಆಗಬೇಕು. ತಿಮ್ಮಮ್ಮನ ಜಗಳವೆಲ್ಲ ಇಷ್ಟಕ್ಕೇ.

ಮನೆ ನೋಡುವ ಶಾಸ್ತ್ರವನ್ನು ಈ ಕೆಲಸಕ್ಕೆ ತಂದದ್ದೂ ಅವರೇ. ಅದಕ್ಕೆ ಕಾರಣ ಸೌಂದರ್ಯ ಎಂಬ ಹುಡುಗಿ. ಅವಳನ್ನು ನೋಡಲು ಪಿರಿಯಾಪಟ್ಟಣದ ಕಡೆಯಿಂದ ಗಂಡ ಹೆಂಡತಿ ಜೀಪು ತುಂಬ ನೆಂಟರನ್ನು ತುಂಬಿಕೊಂಡು ಬಂದಿದ್ದರು. ಅವರಿಗೆ ಹೆಣ್ಣು ನೋಡಿ ಗೊತ್ತೇ ಹೊರತು ಮಗಳನ್ನು ನೋಡಿ ಗೊತ್ತಿಲ್ಲ. ಚಾಪೆಯ ಮೇಲೆ ಕೂರಿಸಿದರು. ಕಾಫಿ ತಟ್ಟೆ ಹಿಡಿದು ಬಾ ಎಂದರು. ದೇವರನಾಮ ಹಾಡಿಸಿದರು. ಕಾಲು ನೆಟ್ಟಗಿದೆಯೇ ಎಂದು ಕಿಟಕಿಯವರೆಗೆ ನಡೆಸಿ ನೋಡಿದರು. ಜೀಪು ಹತ್ತುವಾಗ "ಬಣ್ಣ ಒಂಚೂರು ಕಮ್ಮಿ, ಊರಿಗೆ ಹೋಗಿ ತಿಳಿಸ್ತೀವಿ" ಎಂದರು. ಆ ಹುಡುಗಿ ಎಷ್ಟೋ ದಿನ ಆಫೀಸಿನ ಫೋನು ಹೊಡೆದುಕೊಂಡಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ.

"ಅವತ್ತೇ ಅಂದೆ, ನಮ್ ಮಕ್ಳೇನು ಸಂತೇಲಿ ಕಟ್ಟಿರೋ ಕುರಿಗಳಲ್ಲ. ಇನ್ಮೇಲೆ ಅವ್ರು ನಮ್ಮನ್ನ ನೋಡೋದಲ್ಲ, ನಾವು ಹೋಗಿ ಅವ್ರ ಮನೆ ನೋಡೋದು."

ಮೇಲಿನವರೊಬ್ಬರು ಇದು ಯಾವ ನಿಯಮದಲ್ಲಿದೆ ಎಂದು ಕೇಳಿದರು. ಬೇಡ ಅನ್ನೋದು ಯಾವ ನಿಯಮದಲ್ಲಿದೆ ಎಂದು ಇವರು ಕೇಳಿದರು. ಅವರು ನಿಯಮದ ಪುಸ್ತಕ ತೆರೆಯುವುದರೊಳಗೆ ತಿಮ್ಮಮ್ಮ ಬಸ್ಸು ಹತ್ತಿಯಾಗಿತ್ತು. ಕೊನೆಗೆ ಮಕ್ಕಳ ಮನೆಯ ಮೇಡಂ ಸಮಿತಿಯವರನ್ನು ಒಪ್ಪಿಸಿ, ಹಗಲು ಹೊತ್ತಿನಲ್ಲಿ ಕರೆದುಕೊಂಡು ಹೋಗಿ ಹಗಲಲ್ಲೇ ವಾಪಸ್ ಬರುವುದಾದರೆ ಸರಿ ಎಂದು ಅನುಮತಿ ಕೊಡಿಸಿದರು.

ನೋಡದೆ ಕೊಟ್ಟು ಕೈ ಸುಟ್ಟುಕೊಂಡ ಕಥೆಯೂ ಇತ್ತು. ತೇಜಸ್ ಎಂಬ ಹುಡುಗ ಹೆಗ್ಗಡದೇವನಕೋಟೆ ಕಡೆಯ ಒಂದು ಮನೆಗೆ ದೀಪಾವಳಿಗೆ ಹೋದವನು ಯುಗಾದಿಗೆ ವಾಪಸ್ ಬಂದ. ಕರೆತಂದು ಬಿಟ್ಟವರು ಹೇಳಿದ ಕಾರಣ, ಎದುರುತ್ತರ ಕೊಡುತ್ತಾನೆ.

"ನಾನು ಕೇಳ್ದೆ ಸಾರ್. ನಿಮ್ ಹೊಟ್ಟೇಲಿ ಹುಟ್ಟಿದ್ದು ಎದುರುತ್ತರ ಕೊಟ್ಟಿದ್ರೆ ಯಾರಿಗೆ ವಾಪಸ್ ಕೊಡ್ತಿದ್ರಿ, ಡಾಕ್ಟ್ರಿಗಾ ಅಂತ."

"ಏನಂದ್ರು?"

"ಇವಳೂ ಎದುರುತ್ತರ ಕೊಡ್ತಾಳೆ ಅಂದ್ರು."

ತೇಜಸ್ ಈಗ ಹುಣಸೂರಿನ ಟೈಲರ್ ದಂಪತಿಯ ಮಗ. ಈಗಲೂ ಎದುರುತ್ತರ ಕೊಡುತ್ತಾನಂತೆ. ಅವರೂ ಕೊಡುತ್ತಾರಂತೆ. ಮನೆ ಚೆನ್ನಾಗಿ ನಡೆಯುತ್ತಿದೆ.

ಕೆ.ಆರ್. ನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ನಾಲೆ ಬಯಲಿನ ಒಂದು ಊರಿಗೆ ಹೋದೆವು. ದಾರಿಯಲ್ಲಿ ನಮ್ಮ ನಮ್ಮ ನೆಂಟಸ್ತಿಕೆ ನಿಗದಿಯಾಯಿತು. ದಪ್ಪನೆಯ ಹೆಂಗಸು ಸುಂದ್ರಮ್ಮ ಮಕ್ಕಳ ಮನೆಯ ಅಡುಗೆಯವರು, ಇವತ್ತಿಗೆ ದೊಡ್ಡವ್ವ. ಆಟೋ ಶಂಕರ್ ಮಕ್ಕಳನ್ನು ಸ್ಕೂಲಿಗೆ ಬಿಡುವವನು, ಇವತ್ತಿಗೆ ಚಿಕ್ಕಪ್ಪ. ಸುಳ್ಳು ಹೇಳಿದಂತಾಗುವುದಿಲ್ಲವೇ ಎಂದೆ. "ಸುಳ್ಳೇನ್ ಬಂತು? ಆರು ವರ್ಸ ಅನ್ನ ಬಡಿಸಿದೋಳು ದೊಡ್ಡವ್ವನೇ ಕಣ್ರೀ. ನೀವೊಬ್ರೇ ಇವತ್ತಿನ ಬಾಡಿಗೆಯೋರು" ಎಂದರು ಸುಂದ್ರಮ್ಮ.

ಮನೆ ಲಿಂಗರಾಜು ಮತ್ತು ಶಾಂತಲಾ ಅವರದು. ಲಿಂಗರಾಜು ಭತ್ತದ ಗದ್ದೆಯ ರೈತ, ನಲವತ್ತೆಂಟರ ಸುಮಾರು, ಮಾತು ಕಡಿಮೆ. ಶಾಂತಲಾ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಮಕ್ಕಳಿರಲಿಲ್ಲ. ಕೂಸಿಗೆ ಎಂದೋ ಅರ್ಜಿ ಹಾಕಿ ಕಾದು ಕಾದು ಸಾಕಾಗಿತ್ತು. ತಿಮ್ಮಮ್ಮ ಒಂದು ದಿನ ಡೇರಿಯ ಮುಂದೆ ನಿಂತು "ಕೂಸು ಬರೋ ಹೊತ್ಗೆ ನಿಮ್ ಕೈಗೆ ಕೋಲು ಬಂದಿರ್ತದೆ, ದೊಡ್ಡ ಮಗಳು ಆದ್ರೆ ಆಗಾಕಿಲ್ವಾ?" ಎಂದಾಗ ಶಾಂತಲಾ ಒಂದು ವಾರ ಯೋಚಿಸಿ ಆಗುತ್ತದೆ ಎಂದಿದ್ದರು. ಇಬ್ಬರೂ ಹುಣಸೂರಿಗೆ ಬಂದು ರೂಪಶ್ರೀಯ ಜೊತೆ ಮಾತಾಡಿ ಹೋಗಿಯೂ ಆಗಿತ್ತು.

ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವರು ಮಾತ್ರ ಅವರಿಬ್ಬರಲ್ಲ, ಲಿಂಗರಾಜುವಿನ ಅಣ್ಣ ಹುಚ್ಚಯ್ಯನವರು. ಹಿಂದೆ ಒಮ್ಮೆ ಗ್ರಾಮ ಪಂಚಾಯಿತಿ ಅಧ್ಯಕ್ಷರಾಗಿದ್ದವರು. ಅವಧಿ ಮುಗಿದು ಎಷ್ಟೋ ವರ್ಷವಾಗಿದ್ದರೂ ಅವರಿಗೆ ಆ ಸುದ್ದಿ ತಲುಪಿರಲಿಲ್ಲ. ತಮ್ಮನ ಮನೆಯ ಜಗುಲಿಯಲ್ಲಿ ತಮ್ಮದೇ ಕುರ್ಚಿ ತರಿಸಿ ಹಾಕಿಸಿಕೊಂಡು ಕೂತಿದ್ದರು. ನಾವು ಕೂತ ಮೇಲೆ ಗಂಟಲು ಸರಿಮಾಡಿಕೊಂಡು, ಸಮಾಜ, ಅನಾಥ ಮಕ್ಕಳು, ತಮ್ಮ ಅವಧಿಯಲ್ಲಿ ಆದ ಚರಂಡಿ ಕಾಮಗಾರಿ ಇವುಗಳ ಬಗ್ಗೆ ನಾಲ್ಕು ಮಾತಾಡಿದರು. ನನ್ನ ಸಂಜೆಯ ಭಾಷಣಕ್ಕೂ ಅದಕ್ಕೂ ಇದ್ದ ಹೋಲಿಕೆ ನೋಡಿ ನನಗೆ ಮುಜುಗರವಾಯಿತು. ಚರಂಡಿಯೊಂದು ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಆಮೇಲೆ ರೂಪಶ್ರೀಯ ಕಡೆ ತಿರುಗಿ, "ಏನವ್ವ, ಮುದ್ದೆ ತಿರುವಕೆ ಬತ್ತದಾ? ಹಸ ಕರೆಯಕೆ?" ಎಂದರು.

ರೂಪಶ್ರೀ ಬಾಯಿ ತೆರೆಯುವ ಮೊದಲೇ ತಿಮ್ಮಮ್ಮ ತಡೆದರು. "ಇವತ್ತು ಕೇಳೋರು ನಾವು ಅಧ್ಯಕ್ಷರೇ. ನಾವು ಹೆಣ್ಣಿನ ಕಡೆಯೋರು. ಮನೆ ನೋಡಕೆ ಬಂದಿರೋದು."

"ಅದ್ಸರಿ. ಹುಡ್ಗಿ ಯಾವ ಜನ ಅಂತನಾದ್ರೂ..."

"ನಮ್ ಜನ."

"ನಮ್ ಜನ ಅಂದ್ರೆ?"

"ಅಂದ್ರೆ ಇಲ್ಲಿ ಸಾಲಾಗಿ ಕುಂತವ್ರಲ್ಲ, ಇವ್ರು. ಎಣಿಸ್ಕಳಿ."

ಸಾಲಾಗಿ ಕೂತವರಲ್ಲಿ ನಾನೂ ಒಬ್ಬ. ಹುಚ್ಚಯ್ಯನವರು ನನ್ನ ಕನ್ನಡಕವನ್ನು ನೋಡಿ ಏನೋ ಲೆಕ್ಕ ಹಾಕಿ ಕೈಬಿಟ್ಟರು.

ಮನೆ ನೋಡಿದೆವು. ಸುಂದ್ರಮ್ಮ ಅಡುಗೆಮನೆಗೆ ನುಗ್ಗಿ ಸಾಂಬಾರಪುಡಿ ಡಬ್ಬಿ ಮೂಸಿದರು. ಶಂಕರ್ ಸ್ಕೂಲಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ರಸ್ತೆಗೆ ಹೋಗಿ ನೋಡಿಬಂದ. ತಿಮ್ಮಮ್ಮ ಹುಡುಗಿಗೆಂದು ಇಟ್ಟ ಕೋಣೆಯ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿ ತೆಗೆದು ನೋಡಿದರು. ಒಳಗಿನ ಚಿಲಕವಿಲ್ಲದ ಮನೆಗೆ ಬೆಳೆದ ಹುಡುಗಿಯನ್ನು ಕಳಿಸುವುದಿಲ್ಲ ಎಂಬುದು ಅವರ ಪಟ್ಟು. ಆಮೇಲೆ ಗಂಡ ಹೆಂಡತಿಯನ್ನು ಎದುರು ಬದುರು ಕೂರಿಸಿ ಕೇಳಿದರು, "ಜಗಳ ಆದ್ಮೇಲೆ ಯಾರು ಮೊದ್ಲು ಮಾತಾಡ್ತೀರಿ?"

"ಹಸ" ಎಂದರು ಶಾಂತಲಾ. "ಅದು ಕೂಗ್ತದೆ, ಹಿಂಡಿ ಹಾಕಿದ್ಯಾ ಅಂತ ನಾನು ಕೇಳ್ತೀನಿ, ಇವ್ರು ಹೂಂ ಅಂತಾರೆ. ಅಲ್ಲಿಗೆ ಮುಗೀತು."

ರೂಪಶ್ರೀ ಮೊದಲ ಬಾರಿಗೆ ನಕ್ಕಳು. ನಕ್ಕ ಮೇಲೆ ತನ್ನ ಪ್ರಶ್ನೆ ಕೇಳಿದಳು. "ನಂಗೆ ಕೋಪ ಬಂದ್ರೆ ಮೂರ್ ದಿನ ಮಾತಾಡಲ್ಲ ಆಂಟಿ. ತಟ್ಟೆ ಎಸೀತೀನಿ. ವಾಪಸ್ ಕಳಿಸ್ತೀರಾ?"

ಶಾಂತಲಾ ಅವಸರಪಡಲಿಲ್ಲ. "ತಟ್ಟೆ ಎಸೆದ್ರೆ ಬೈತೀನಿ. ಎತ್ತಿಡು ಅಂತೀನಿ. ನೀನು ಎತ್ತಿಡದೆ ಇದ್ರೆ ಆ ತಟ್ಟೆ ಅಲ್ಲೇ ಬಿದ್ದಿರ್ತದೆ. ನೀನೂ ಇಲ್ಲೇ ಇರ್ತೀಯ."

ಅಷ್ಟರಲ್ಲಿ ತಿಂಡಿ ಬಂತು. ಉಪ್ಪಿಟ್ಟು, ಕೇಸರಿಬಾತು. ಎಲ್ಲ ಸರಿಹೋಯಿತು ಎಂದು ನನಗೆ ಅನಿಸಿತ್ತು. ಬೆಳಿಗ್ಗೆ ಏನೂ ತಿಂದಿರದ ನಾನು ಒಂದು ತುತ್ತು ಕೇಸರಿಬಾತು ಬಾಯಿಗೆ ಹಾಕಿಕೊಂಡೆ. ಆಗ ಹುಚ್ಚಯ್ಯನವರು ಮಾತಿಗೆ ಶುರುಮಾಡಿದರು.

"ನೋಡಿ, ಹುಡ್ಗಿ ಚುರುಕಾಗವಳೆ. ನಮ್ಗೇನೂ ಅಡ್ಡಿಯಿಲ್ಲ. ಆದ್ರೆ ಈ ಕಾಗದ, ಆರ್ಡರ್ರು, ದತ್ತು ಗಿತ್ತು ಎಲ್ಲ ಯಾಕೆ? ಇರ್ಲಿ ಬುಡಿ ಮನೇಲಿ. ಉಣ್ಕೊಂಡು, ಓದ್ಕೊಂಡು, ಶಾಂತಲಂಗೆ ಒಂದು ಕೈ ಆಸರೆ ಆಯ್ಕೊಂಡು ಇರ್ಲಿ. ಹದಿನೆಂಟಾದ ಮೇಲೆ ನಾನೇ ಮುಂದೆ ನಿಂತು ಮದ್ವೆ ಮಾಡ್ತೀನಿ. ಊರಿಗೇ ಊಟ ಹಾಕಿಸ್ತೀನಿ. ಇದಕ್ಕಿಂತ ಏನ್ ಬೇಕು?"

ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನಾನು ತಲೆಯಾಡಿಸಿಬಿಟ್ಟೆ. ತಮ್ಮನಿಗೆ ಮಕ್ಕಳಿಲ್ಲದಿದ್ದರೆ ನಾಲೆ ನೀರಿನ ಆ ಗದ್ದೆ ತಮ್ಮ ಗಂಡುಮಕ್ಕಳಿಗೆ ಬರುತ್ತದೆ, ಕಾಗದವಾದರೆ ಈ ಹುಡುಗಿಗೆ ಹೋಗುತ್ತದೆ ಎಂಬ ಲೆಕ್ಕ ಆ ಔದಾರ್ಯದ ಕೆಳಗೆ ಕೂತಿದ್ದದ್ದು ನನಗೆ ಆಮೇಲೆ ಹೊಳೆದದ್ದು. ಶಾಂತಲಾ ಗಂಡನ ಮುಖ ನೋಡಿದರು. ಲಿಂಗರಾಜು ನೆಲ ನೋಡಿದರು.

ತಿಮ್ಮಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದರು. "ಎದ್ದೇಳಿ" ಎಂದರು ನಮಗೆ.

"ಯಾಕಮ್ಮ? ನಾನೇನ್ ತಪ್ಪು ಮಾತಾಡ್ದೆ?"

"ಕಾಗದ ಇಲ್ದೆ ಮನೇಲಿ ಇದ್ದು, ಉಂಡು, ಕೈಯಾಸರೆ ಆಗೋರಿಗೆ ನಮ್ ಕಡೆ ಮಗಳು ಅನ್ನಾಕಿಲ್ಲ ಅಧ್ಯಕ್ಷರೇ, ಆಳು ಅಂತಾರೆ. ಆಳು ಬೇಕಾದ್ರೆ ಕೂಲಿ ಮಾತಾಡಿ ಊರಲ್ಲೇ ಹುಡುಕ್ಕಳಿ. ನಾನು ಬಂದಿದ್ದು ಮಗಳಿಗೆ ಮನೆ ನೋಡಕೆ."

ಸುಂದ್ರಮ್ಮ, ಶಂಕರ್ ಎದ್ದರು. ಅವರ ತಟ್ಟೆಗಳು ಬಡಿಸಿದ ಹಾಗೇ ಇದ್ದವು. ರೂಪಶ್ರೀಯದೂ ಹಾಗೇ ಇತ್ತು. ನನ್ನ ತಟ್ಟೆಯ ಕೇಸರಿಬಾತಿನಲ್ಲಿ ಮಾತ್ರ ಒಂದು ಗುಳಿ ಬಿದ್ದಿತ್ತು. ಹುಚ್ಚಯ್ಯನವರ ಕಣ್ಣು ಅಲ್ಲಿಗೇ ಹೋಯಿತು.

"ಎಲ್ಲಿ ಹೋಯ್ತೀರಿ? ಹೆಣ್ಣಿನ ಸೋದರಮಾವನೇ ತಿಂದವ್ರೆ. ತಿಂದ ಮೇಲೆ ಸಂಬಂಧ ಮುರಿಯೋ ಹಂಗಿಲ್ಲ. ನಮ್ ಮಾತಿಗೆ ಒಪ್ಪಿದಂಗೆ."

"ಮಾವ ತಿಂದಿದ್ರೆ ಮಾವನ್ನೇ ಇಟ್ಕಳಿ" ಎಂದರು ತಿಮ್ಮಮ್ಮ. "ಹುಡ್ಗಿ ತಿಂದಿಲ್ಲ."

ನನ್ನನ್ನು ಇಟ್ಟುಕೊಳ್ಳುವ ಉತ್ಸಾಹ ಆ ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ಅವರ ಹಿಂದೆಯೇ ಹೊರಟೆ.

ಬಸ್ಸಿಗೆ ಹೊತ್ತಿತ್ತು. ಅರಳಿಮರದ ಕಟ್ಟೆಯ ಮೇಲೆ ಕೂತೆವು. ರೂಪಶ್ರೀ ಮುಡಿದಿದ್ದ ಕನಕಾಂಬರ ಕಿತ್ತು ಒಂದೊಂದೇ ಹೂವು ಬಿಡಿಸಿ ಚರಂಡಿಗೆ ಎಸೆಯುತ್ತಿದ್ದಳು. ಸಮಾಧಾನದ ಮಾತು ಆಡಬೇಡಿ ಎಂಬಂತೆ ತಿಮ್ಮಮ್ಮ ನನ್ನನ್ನೇ ನೋಡುತ್ತಿದ್ದರು.

"ಬೇರೆ ಮನೆ ನೋಡೋಣ ಕಣವ್ವ" ಎಂದರು ಕೊನೆಗೆ.

"ಇನ್ನೆಷ್ಟು ಮನೆ ಅಜ್ಜಿ?"

"ಸಿಗೋಗಂಟ."

"ನಂಗೆ ಹದಿನೆಂಟಾಗ್ಬುಡ್ತದೆ."

"ಆಗೋಗಂಟ ನೋಡೋಣ. ಆಮೇಲೂ ನೋಡೋಣ. ನಾನೇನು ಸತ್ತೋಗಿಲ್ವಲ್ಲ."

ಮೊಪೆಡ್ಡಿನ ಸದ್ದು ಕೇಳಿತು. ಲಿಂಗರಾಜು ಓಡಿಸುತ್ತಿದ್ದರು, ಹಿಂದೆ ಶಾಂತಲಾ. ಇಳಿದವರೇ ಶಾಂತಲಾ, "ಬಾವ ಅಂಗಂದಾಗ ನಾನು ಸುಮ್ನಿರಬಾರದಾಗಿತ್ತು. ನಂಗೆ ಕಾಗದ ಬೇಕು. ಪೂರ್ತಿ ಬೇಕು" ಎಂದರು ತಿಮ್ಮಮ್ಮನಿಗೆ.

ರೂಪಶ್ರೀ ಅವರನ್ನು ನೋಡಲಿಲ್ಲ, ಲಿಂಗರಾಜುವನ್ನು ನೋಡಿದಳು. "ನೀವೂ ಸುಮ್ನೆ ಇದ್ರಿ ಅಂಕಲ್."

"ಹೂಂ" ಎಂದರು ಲಿಂಗರಾಜು.

"ನಾಳೆ ಸ್ಕೂಲಲ್ಲಿ, ಊರಲ್ಲಿ ಯಾರಾದ್ರೂ ನಂಗೇನಾದ್ರೂ ಅಂದ್ರೆ? ಆಗ್ಲೂ ಸುಮ್ನೆ ಇರ್ತೀರಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ನಾನಾಗಿದ್ದರೆ ಅಂದು, ಮೇಲೆ ಇನ್ನೆರಡು ವಾಕ್ಯ ಸೇರಿಸುತ್ತಿದ್ದೆ. ಲಿಂಗರಾಜು ಮೊಪೆಡ್ಡಿನ ಹ್ಯಾಂಡಲ್ ಒರೆಸುತ್ತ, "ಅಣ್ಣನ ಎದ್ರಿಗೆ ಮಾತಾಡಿ ನಂಗೆ ಅಭ್ಯಾಸ ಇಲ್ಲ ಕಣವ್ವ. ಕಲೀಬೇಕು" ಎಂದರು.

"ಕಲ್ತು ಹೇಳಿ ಕಳ್ಸಿ" ಎಂದಳು ರೂಪಶ್ರೀ. ಬಸ್ಸು ಬಂತು. ಹತ್ತಿದಳು.

ನಾನು ತಿಮ್ಮಮ್ಮನಿಗೆ ಹುಡುಗಿ ಸ್ವಲ್ಪ ಜಾಸ್ತಿ ಮಾಡಿದಳೇನೋ ಎಂದೆ. ಅವರಾಗಿ ಬಂದಿದ್ದರಲ್ಲ, ಒಪ್ಪಿಕೊಳ್ಳಬಹುದಿತ್ತು, ಇಂಥ ಅವಕಾಶ ಮತ್ತೆ ಸಿಗುತ್ತದೆಯೇ ಎಂದೆಲ್ಲ ಹೇಳಿದೆ. "ಅಯ್ಯೋ ಪಾಪ ಅಂತ ಕೊಡೋ ಮನೇಲಿ ಉಸಿರು ಬಿಗಿಹಿಡಿದು ಬದುಕ್ಬೇಕು ಸಾರ್. ಇವ್ಳು ಗಟ್ಟಿಯಾಗಿ ಉಸಿರಾಡೋ ಹುಡ್ಗಿ" ಎಂದು ಅವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು.

ಸಂಜೆ ನಾನು ಭಾಷಣ ಮಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಶಾಲು ಹೊದಿಸಿದ್ದು ನೆನಪಿದೆ.

ಆಮೇಲಿನದನ್ನು ನಾನು ಹುಣಸೂರಿಗೆ ಹೋದಾಗಲೆಲ್ಲ ಕೇಳಿ ತಿಳಿದುಕೊಂಡೆ. ಲಿಂಗರಾಜು ಕಲಿಯಲು ಕೆಲವು ವಾರ ತೆಗೆದುಕೊಂಡರು. ಒಂದು ದಿನ ಒಬ್ಬರೇ ಮಕ್ಕಳ ಮನೆಗೆ ಬಂದು ರೂಪಶ್ರೀಯ ಮುಂದೆ ನಿಂತರಂತೆ.

"ಅಣ್ಣಂಗೆ ಹೇಳ್ದೆ ಕಣವ್ವ."

"ಏನಂತ?"

"ಇದು ನನ್ನ ಮನೆ, ಅವ್ಳು ನನ್ನ ಮಗಳು ಅಂತ."

"ಬೈದ್ರಾ?"

"ಬೈದ. ಇನ್ನೂ ಬೈತಾನೇ ಅವ್ನೆ. ನಾನು ಅರ್ಧಕ್ಕೆ ಎದ್ದು ಬಂದೆ, ಬಸ್ಸಿಗೆ ಹೊತ್ತಾಗ್ತಿತ್ತು."

ಅದರ ಮುಂದಿನ ಭಾನುವಾರ ಹೆಣ್ಣಿನ ಕಡೆಯವರು ಮತ್ತೆ ಹೋದರು. ಈ ಸಲ ನನ್ನನ್ನು ಕರೆಯಲಿಲ್ಲ, ಕಾರಣ ಕೇಳುವ ಧೈರ್ಯ ನನಗೂ ಬರಲಿಲ್ಲ. ರೂಪಶ್ರೀ ಎರಡು ಸಲ ಹಾಕಿಸಿಕೊಂಡು ತಿಂದಳಂತೆ. ಆಮೇಲೆ ಕಂಪ್ಯೂಟರಿನಲ್ಲಿ ಹೆಸರು ಸೇರಿಸುವುದು, ಮನೆಗೆ ಬಂದು ವಿಚಾರಿಸುವುದು, ಸಮಿತಿ, ಹುಡುಗಿಯ ಒಪ್ಪಿಗೆ, ಕೊನೆಗೆ ಡಿ.ಸಿ. ಆಫೀಸು. ದಾರಿಯುದ್ದಕ್ಕೂ ಹುಚ್ಚಯ್ಯನವರು ತಮ್ಮ ಕೈಲಾದ ಸೇವೆ ಮಾಡಿದರು. ದಂಪತಿಗೆ ವಯಸ್ಸಾಗಿದೆ ಎಂದು ಒಂದು ತಕರಾರು, ಕುಲದೇವರು ಒಪ್ಪುವುದಿಲ್ಲ ಎಂದು ಇನ್ನೊಂದು. ವಯಸ್ಸು ನಿಯಮದೊಳಗೇ ಇತ್ತು. ಕುಲದೇವರು ಬಂದು ಹೇಳಿಕೆ ಕೊಡಲಿಲ್ಲ.

ಒಂದು ಸಲ ಅವರು ಮಕ್ಕಳ ಮನೆಗೇ ಬಂದು, ಈ ಹುಡುಗಿಗೆ ಗಂಡು ನೋಡಿದ್ದೇನೆ, ಹದಿನೆಂಟಾಗುವವರೆಗೆ ಕಾಯಲು ಅವರು ತಯಾರು, ಖರ್ಚೆಲ್ಲ ನನ್ನದು ಎಂದರಂತೆ. ತಿಮ್ಮಮ್ಮ ಅವರ ಎದುರಿಗೇ ಸಹಾಯವಾಣಿಗೆ ಫೋನು ಹಚ್ಚಿದರು. "ಕಿರಣ, ಇಲ್ಲೊಬ್ರು ಹದಿನೈದರ ಹುಡ್ಗಿಗೆ ಮದ್ವೆ ಮಾತಾಡಕೆ ಬಂದವ್ರೆ. ಹೆಸ್ರು ಬರ್ಕೊ." ಹುಚ್ಚಯ್ಯನವರು ಚಪ್ಪಲಿ ಹುಡುಕಲು ಶುರುಮಾಡಿದರಂತೆ.

ಡಿ.ಸಿ. ಸಹಿಯಾದ ಆದೇಶ ಪಡೆಯುವ ದಿನ ನಾನೂ ಮೈಸೂರಿನಲ್ಲಿದ್ದೆ. ಬನ್ನಿ ಎಂದು ತಿಮ್ಮಮ್ಮನೇ ಫೋನು ಮಾಡಿದ್ದರು. ರೂಪಶ್ರೀಗೆ ಆಗ ಹದಿನಾರು ತುಂಬಿತ್ತು. ಶಾಂತಲಾ ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ ಸೆರಗಿನಡಿ ಹಿಡಿದುಕೊಂಡಿದ್ದರು. ಮಗಳು "ಅವ್ವ, ಉಸಿರುಗಟ್ಟುತ್ತೆ ಅದಕ್ಕೆ" ಎಂದು ರೇಗಿಸುತ್ತಿದ್ದಳು. ಲಿಂಗರಾಜು ಸಿಕ್ಕವರಿಗೆಲ್ಲ ಕೈಮುಗಿಯುತ್ತಿದ್ದರು, ಲಿಫ್ಟಿನವನಿಗೂ.

ಹುಚ್ಚಯ್ಯನವರೂ ಬಂದಿದ್ದರು. ಕರೆದವರು ಯಾರೂ ಇಲ್ಲ. ಫೋಟೋ ತೆಗೆಯುವಾಗ ನಡುವೆ ನಿಂತರು, ಅಭ್ಯಾಸ. ಫೋಟೋ ಮುಗಿದ ಮೇಲೆ ಮೆಟ್ಟಿಲು ಇಳಿಯುತ್ತ ತಿಮ್ಮಮ್ಮನ ಪಕ್ಕಕ್ಕೆ ಬಂದರು. ಸೋತ ದನಿಯಲ್ಲ, ಸಭೆಯಲ್ಲಿ ಕೊನೆಯ ಪ್ರಶ್ನೆ ಕೇಳುವವರ ದನಿ.

"ಆಯ್ತು ಬುಡವ್ವ, ನೀನೇ ಗೆದ್ದೆ. ಆದ್ರೂ ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಹದಿನಾರು ತುಂಬಿರೋ ಹುಡ್ಗಿ. ನಾಳೆ ಕಾಲೇಜು, ನಾಳಿದ್ದು ಗಂಡನ ಮನೆ. ಇಷ್ಟು ಬೆಳೆದ ಮೇಲೆ ಅಪ್ಪ ಅವ್ವ ಯಾಕೆ ಬೇಕು ಅಂತೀನಿ?"

ತಿಮ್ಮಮ್ಮ ಮೆಟ್ಟಿಲ ಮೇಲೆ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಗೆ ನಿಮ್ ಅಪ್ಪ ಅವ್ವ ಎಷ್ಟ್ ವರ್ಸಕ್ಕೆ ಸಾಕಾದ್ರು?"